ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಚೌಕಾಬಾರಕ್ಕೆ ಮಣೆ ಒಂದೇ, ಕವಡೆಗಳೂ ಅವೇ. ಕಟ್ಟಳೆ ಮಾತ್ರ ಮನೆಗೊಂದು ಬಗೆ. ಆದ್ದರಿಂದಲೇ ಪರರ ಮನೆಯಲ್ಲಿ ಕಾಯಿ ಹೂಡುವ ಮುನ್ನ "ನಿಮ್ಮಲ್ಲಿ ಹೇಗೆ?" ಎಂದು ಕೇಳುವುದು ನಮ್ಮ ಕಡೆ ವಾಡಿಕೆ. ಈ ಒಂದು ಪ್ರಶ್ನೆಯಲ್ಲಿ ಎಷ್ಟು ವಿವೇಕವಡಗಿದೆ ಎಂಬುದು ನನಗೆ ತಿಳಿದುದು ಬೇರೊಂದು ಆಟದಿಂದ.

ಅದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬನು ಕಥೆ ನಡೆಸುತ್ತಾನೆ. ಉಳಿದವರು ಯೋಧ, ಮಾಂತ್ರಿಕ ಮುಂತಾದ ಪಾತ್ರ ವಹಿಸುತ್ತಾರೆ. ಬೀಸಿದ ಆಯುಧ ತಗುಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖಗಳ ದಾಳ ನಿರ್ಣಯಿಸುತ್ತದೆ. ಮುಖ್ಯ ನಿಯಮಗಳನ್ನು ಪ್ರಕಾಶಕರೇ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿರುವುದರಿಂದ, ಪುಸ್ತಕ ಕೊಳ್ಳಲಾರದ ನನ್ನಂಥವನೂ ನಮ್ಮ ಹಾಸ್ಟೆಲಿನಲ್ಲಿ ಆಡಲು ಕುಳಿತೆ.

ಆಯುಧದ ನಿಯಮವನ್ನು ಬದಲಿಸುವುದೇ ತಪ್ಪೆಂದು ನಾನು ಹೇಳುವುದಿಲ್ಲ. 1974ರ ಮೂಲ ಆಟದಲ್ಲಿ ಬಾಕುವಿಗೂ ದೊಡ್ಡ ಖಡ್ಗಕ್ಕೂ ಪೆಟ್ಟಿನ ಅಳತೆ ಒಂದೇ ಆರುಮುಖದ ದಾಳ. ಮರುವರ್ಷವೇ, 1975ರ 'ಗ್ರೇಹಾಕ್' ಅನುಬಂಧದಲ್ಲಿ, ಆಯುಧಕ್ಕೆ ತಕ್ಕ ಪೆಟ್ಟು ಬಂದಿತು. 2014ರ ಆವೃತ್ತಿಯಲ್ಲಿ ಯೋಧನು ಒಂದು ಕಾಳಗದ ಶೈಲಿಯನ್ನು ಆರಿಸಿಕೊಳ್ಳುತ್ತಾನೆ. ಬಿಲ್ಲುಗಾರನಿಗೆ ಗುರಿಯಲ್ಲಿ ಎರಡು ಅಂಕ ಹೆಚ್ಚು. ಒಂದೇ ಕತ್ತಿ ಹಿಡಿದು ಕಾದುವವನಿಗೆ ಪೆಟ್ಟಿನಲ್ಲಿ ಎರಡು ಹೆಚ್ಚು. ಎರಡು ಕೈಗೂ ಆಯುಧ ಹಿಡಿದವನಿಗೆ ಎಡಗೈ ಪೆಟ್ಟಿಗೂ ಮೈಬಲ ಕೂಡುತ್ತದೆ. ಹೀಗೆ ಕರ್ತೃಗಳೇ ತಿದ್ದಿದ ಮೇಲೆ ನಾವು ತಿದ್ದಬಾರದೆ?

ತಿದ್ದಬಹುದು, ಆದರೆ ಹೇಗೆ ಎಂಬುದೇ ಪ್ರಶ್ನೆ.

ನಮ್ಮ ತಂದೆಯವರು ಸೌದೆ ಒಡೆದು ನನ್ನನ್ನು ಓದಿಸಿದವರು. ನನ್ನ ಯೋಧನಿಗೆ ನಾನು ಎರಡು ಕೈಗೊಡಲಿ ಕೊಟ್ಟುದರಲ್ಲಿ ಆಶ್ಚರ್ಯವಿಲ್ಲ. ಕೊಡಲಿಯ ಪೆಟ್ಟು ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚಿರಬೇಕೆಂದು ಮೊದಲ ವಾರವೇ ವಾದಿಸಿದೆನೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಕಥೆ ನಡೆಸುತ್ತಿದ್ದ ಗೆಳೆಯ ಒಪ್ಪಲಿಲ್ಲ. ಅದು ಸರಿಯೇ, ನನ್ನ ಕೈಯಲ್ಲಿದ್ದ ಆಯುಧಕ್ಕೆಂದೇ ಕೇಳಿದ ನಿಯಮವದು.

ಕೆಲವು ತಿಂಗಳಾದ ಮೇಲೆ, ಒಂದು ಕಾಳಗದ ನಡುವೆ ಆತನೇ ಹೊಸ ಕಟ್ಟಳೆ ತಂದನು: ದಾಳದಲ್ಲಿ ಒಂದು ಬಿದ್ದರೆ ಆಯುಧ ಕೈಜಾರಿ ಬೀಳಬೇಕು. ಪುಸ್ತಕದಲ್ಲಿ ಒಂದು ಬಿದ್ದರೆ ಪೆಟ್ಟು ತಪ್ಪುತ್ತದೆ, ಅಷ್ಟೆ. ತಮಾಷೆಯಾಗಿದೆಯೆಂದು ಎಲ್ಲರೂ ನಕ್ಕೆವು, ನಾನೂ ನಕ್ಕೆ. ಆ ರಾತ್ರಿ ನನ್ನ ಕೊಡಲಿ ಎರಡು ಸಲ ಬಿತ್ತು. ಎರಡನೆಯ ಸಲ ಬಿದ್ದಾಗ ನನ್ನ ಯೋಧನೂ ಸತ್ತನು. ಗೊಣಗಿದ್ದಕ್ಕೆ, "ನಿಯಮ ಎಲ್ಲರಿಗೂ ಒಂದೇ ಕಣಯ್ಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂಬ ಉತ್ತರ ಬಂತು.

ನಾನು ಸುಮ್ಮನಾದೆ. ನಿಯಮವೆಂದರೆ ತಲೆಬಾಗುವುದು ನಮ್ಮ ಮನೆಯ ಅಭ್ಯಾಸ. ಬರೆದವರು ಬಲ್ಲವರೇ ಇರಬೇಕೆಂದು ನಂಬಿ ತಂದೆಯವರು ಎಷ್ಟು ಕಾಗದಗಳಿಗೆ ಹೆಬ್ಬೆಟ್ಟು ಒತ್ತಿದ್ದಾರೋ! ಎರಡು ವಾರ ಆಟದ ಕಡೆ ತಲೆಹಾಕಲಿಲ್ಲ. ಆಮೇಲೆ ನೋಟ್ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದೆ.

ಹೊಸ ಯೋಧ ಸರದಿಗೊಮ್ಮೆ ದಾಳ ಎಸೆಯುತ್ತಾನೆ. ನೂರು ಸರದಿಗಳಲ್ಲಿ ಸರಾಸರಿ 5 ಸಲ ಆಯುಧ ಬೀಳುತ್ತದೆ. ಐದನೆಯ ಮಟ್ಟಕ್ಕೇರಿದವನಿಗೆ ಎರಡು ಪೆಟ್ಟು. ಇನ್ನೊಂದು ಕೈಯ ಕೊಡಲಿ ಸೇರಿ ಮೂರು. ಅವನಿಗೆ ನೂರರಲ್ಲಿ ಸುಮಾರು 14 ಸರದಿಗಳು ಕೆಡುತ್ತವೆ. ಇಪ್ಪತ್ತನೆಯ ಮಟ್ಟದ ಮಹಾಯೋಧನಿಗೆ ಒಂದೇ ಆಯುಧವಿದ್ದರೂ ನಾಲ್ಕು ಪೆಟ್ಟು. ಅವನಿಗೆ ಸುಮಾರು 19. ಅಗ್ನಿಗೋಳ ಎಸೆಯುವ ಮಾಂತ್ರಿಕನಾದರೋ ಗುರಿಯ ದಾಳವನ್ನೇ ಎಸೆಯುವುದಿಲ್ಲ. ಪಾರಾಗಲು ದಾಳ ಹಾಕಬೇಕಾದವನು ಶತ್ರು. ಮಾಂತ್ರಿಕನ ಲೆಕ್ಕ ಸೊನ್ನೆ. ಅಂದರೆ ಕಲಿತಷ್ಟೂ ಕೈ ಹೆಚ್ಚು ಜಾರಬೇಕು! ಮೂವತ್ತು ವರ್ಷ ಕೊಡಲಿ ಹಿಡಿದ ನಮ್ಮ ತಂದೆಯವರ ಮುಂದೆ ಈ ಮಾತು ಹೇಳಿದರೆ ನಕ್ಕಾರು.

ನಿಯಮ ಎಲ್ಲರಿಗೂ ಒಂದೇ ಆಗಿತ್ತು, ನಿಜ. ಅದರ ಭಾರ ಮಾತ್ರ ಒಂದೇ ಆಗಿರಲಿಲ್ಲ.

ಲೆಕ್ಕವನ್ನು ಗೆಳೆಯನಿಗೆ ತೋರಿಸಿದೆ. ಎರಡು ಸಲ ಓದಿ, "ಇದನ್ನು ಅವತ್ತೇ ಹೇಳಬಾರದಿತ್ತೆ?" ಎಂದನು. ಸರದಿಯ ಮೊದಲ ಎಸೆತದಲ್ಲಿ ಒಂದು ಬಿದ್ದರೆ ಮಾತ್ರ ಆಯುಧ ಬೀಳಬೇಕೆಂದು ಎಲ್ಲರೂ ಕೂಡಿ ತಿದ್ದಿದೆವು. ಮಾಂತ್ರಿಕನು ಈಗಲೂ ಪಾರಾಗುತ್ತಾನೆ; ಆದರೆ ಪಳಗಿದವನು ಹೊಸಬನಿಗಿಂತ ಕೀಳಾಗುವುದು ತಪ್ಪಿತು.

ಇಷ್ಟೊಂದು ಲೆಕ್ಕ ಹಾಕಿದರೆ ಆಟದ ಸ್ವಾರಸ್ಯ ಕೆಡುವುದೆಂದು ಕೆಲವು ಮಿತ್ರರು ಹೇಳುತ್ತಾರೆ. ಆಯುಧ ಜಾರಿದಾಗ ನಗುವುದರಲ್ಲಿ ಸ್ವಾರಸ್ಯವಿದೆ, ಒಪ್ಪಿದೆ. ಸದಾ ಒಬ್ಬನನ್ನೇ ನೋಡಿ ನಗುವುದಾದರೆ ಅದು ಆಟವಲ್ಲ. ಆದ್ದರಿಂದ ಕಟ್ಟಳೆಯನ್ನು ಆಟಕ್ಕೆ ಮೊದಲೇ ಎಲ್ಲರ ಮುಂದೆ ಹೇಳಬೇಕು. ಅದರ ಭಾರ ಯಾರ ಕೈಯ ಮೇಲೆ ಬೀಳುವುದೆಂದು ನೋಡಬೇಕು. ತಪ್ಪು ಕಂಡರೆ ತಿದ್ದಬೇಕು. ಭಾರ ಬಿದ್ದವನೂ ನನ್ನಂತೆ ಎರಡು ವಾರ ಮುನಿಸಿಕೊಳ್ಳದೆ ಬಾಯಿ ಬಿಡಬೇಕು.

ಸತ್ತ ಯೋಧ ಮರಳಿ ಬರಲಿಲ್ಲ, ಹೊಸಬನನ್ನು ಮಾಡಿಕೊಂಡಿದ್ದೇನೆ. ಅವನ ಕೈಯಲ್ಲೂ ಎರಡು ಕೊಡಲಿಗಳಿವೆ. ದಾಳ ಮುಟ್ಟುವ ಮುನ್ನ ನಾನೀಗ ಕೇಳುತ್ತೇನೆ: "ನಿಮ್ಮಲ್ಲಿ ಹೇಗೆ?"