ಬಸಳೆಯ ದಂಟು ಮತ್ತು ಮೊಬೈಲ್ ಆ್ಯಪ್

ಡೊಂಬಿವಲಿಯ ನಮ್ಮ ಮನೆಯ ಕಿಟಕಿ ಸರಳುಗಳಿಗೆ ಹಬ್ಬಿರುವ ಬಸಳೆ ನೇರವಾಗಿ ಊರಿನಿಂದ ಬಂದದ್ದಲ್ಲ. ಕಲ್ಯಾಣದ ಬಂಧುಗಳೊಬ್ಬರು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಗೇಣುದ್ದದ ದಂಟು. ಅವರಿಗದು ಥಾಣೆಯಿಂದ ಬಂದಿತ್ತು. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದವರ ಮನೆಗಳಲ್ಲಿ ಬಸಳೆ ಹೀಗೆಯೇ, ಯಾವ ಸಂಸ್ಥೆಯ ನೆರವೂ ಇಲ್ಲದೆ, ಕೈಯಿಂದ ಕೈಗೆ ದಾಟಿದೆ.

ಇತ್ತೀಚೆಗೆ ಐರೋಲಿಯ ಕಂಪ್ಯೂಟರ್ ಕಂಪನಿಗಳಲ್ಲಿ ದುಡಿಯುವ ನಮ್ಮ ಕೆಲವು ತರುಣರು ಯೋಜನೆಯೊಂದನ್ನು ಮುಂದಿಟ್ಟರು: ವಸತಿ ಕಟ್ಟಡಗಳ ತಾರಸಿಗಳಲ್ಲಿ ಸಾಮೂಹಿಕ ಕೈತೋಟ, ಬೆಳೆದವರನ್ನೂ ಬೇಕಾದವರನ್ನೂ ಬೆಸೆಯಲು ಒಂದು ಆ್ಯಪ್. ಉತ್ಸಾಹ ಮೆಚ್ಚತಕ್ಕದ್ದೇ. ಮುಂಬಯಿ ಪೋರ್ಟ್ ಟ್ರಸ್ಟಿನ ಅಡುಗೆಮನೆಯ ತಾರಸಿಯಲ್ಲಿ, ಅಡುಗೆಯ ಕಸವನ್ನೇ ಗೊಬ್ಬರವಾಗಿಸಿ ತೋಟ ಎಬ್ಬಿಸಿದ ನಿದರ್ಶನ ನಮ್ಮ ಕಣ್ಣೆದುರೇ ಇದೆ. ಆದರೆ ತರುಣರ ನಕಾಶೆಯಲ್ಲಿ ನಾನು ಕಂಡದ್ದು ತೋಟದ ಛಾಯಾಚಿತ್ರ, ಬೆಳೆದವರಿಗೆ ಅಂಕ, ಹೆಚ್ಚು ಹಂಚಿದವರಿಗೆ ಪದಕ. ಸೊಪ್ಪನ್ನು ಪಡೆಯುವವನು ಎಲ್ಲಿದ್ದಾನೆಂದು ಕೇಳಿದೆ. ಉತ್ತರ ಬರಲಿಲ್ಲ.

ಅವನು ನಮ್ಮ ಕಟ್ಟಡಗಳ ಬುಡದಲ್ಲೇ ಇದ್ದಾನೆ. ಕಲಬುರಗಿ, ವಿಜಯಪುರ, ಯಾದಗಿರಿಗಳಿಂದ ಬಂದು ನವಿ ಮುಂಬಯಿಯ ಗಗನಚುಂಬಿಗಳಿಗೆ ಇಟ್ಟಿಗೆ ಹೊರುವ, ಮುಂಜಾನೆ ನಾಕಾದಲ್ಲಿ ಕೂಲಿಗಾಗಿ ನಿಲ್ಲುವ ಕನ್ನಡಿಗ. ರಾಜ್ಯೋತ್ಸವಕ್ಕೆ ನಾವು ಅವನನ್ನು ಕರೆದ ನೆನಪು ನನಗಿಲ್ಲ. ಹಳಿಯ ಬದಿಯಲ್ಲಿ ಚರಂಡಿ ನೀರುಂಡು ಬೆಳೆಯುವ ಪಾಲಕನ್ನು ಲೋಕಲ್ ಗಾಡಿಯಿಂದ ನೋಡಿ ನಾವು ಮೂಗು ಮುರಿಯುತ್ತೇವೆ. ಅಗ್ಗದ ಕಟ್ಟನ್ನೇ ಆರಿಸಬೇಕಾದವನಿಗೆ ಆ ಸೌಕರ್ಯವಿಲ್ಲ.

ತಾರಸಿಯ ಸೊಪ್ಪಿನಿಂದ ಹೊಟ್ಟೆ ತುಂಬದೆಂಬುದೂ ನಿಜ. ಮೊದಲು ಧಾನ್ಯ ಬೇಕು. 2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಧಾನ್ಯದ ಹಕ್ಕಿದೆ. 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆ 2019ರಲ್ಲಿ ಆರಂಭವಾಯಿತು. 2020ರ ಜನವರಿಯ ಹೊತ್ತಿಗೆ ಕರ್ನಾಟಕ, ಮಹಾರಾಷ್ಟ್ರಗಳೆರಡೂ ಅದರೊಳಗಿದ್ದವು. ಊರಿನಲ್ಲಿ ಉಳಿದ ಹೆಂಡತಿ ತನ್ನ ಪಾಲನ್ನು ಅಲ್ಲಿ ಪಡೆದರೂ, ಗಂಡ ತನ್ನ ಪಾಲನ್ನು ಕಲ್ಯಾಣದ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆರಳೊತ್ತಿ ಪಡೆಯಬಹುದು. ಕಾಯ್ದೆಯಿದ್ದರೆ ಸಾಲದು, ಅಂಗಡಿಯ ಕಟ್ಟೆಯ ಮುಂದೆ ಮರಾಠಿ ಬಾರದೆ ತಡವರಿಸುವವನ ಪರವಾಗಿ ಎರಡು ಮಾತಾಡಲು ಜನ ಬೇಕು. ಆ ಜನ ನಾವಲ್ಲದೆ ಇನ್ನಾರು?

ಆದುದರಿಂದ ಆ್ಯಪನ್ನು ಕೊಡುವವನ ಕಡೆಯಿಂದಲ್ಲ, ಕೊಳ್ಳುವವನ ಕಡೆಯಿಂದ ಕಟ್ಟಬೇಕೆಂಬುದು ನನ್ನ ವಾದ. ಓದಲು ಬಾರದವನಿಗೂ ಕೇಳಿಸುವಂತೆ ಅದು ಕನ್ನಡದಲ್ಲಿ, ಸಾಧ್ಯವಾದರೆ ಕಲಬುರಗಿಯ ಕನ್ನಡದಲ್ಲಿ, ಮಾತಾಡಲಿ. ಹತ್ತಿರದ ನ್ಯಾಯಬೆಲೆ ಅಂಗಡಿ ಎಲ್ಲಿದೆ, ಯಾವ ಹೊತ್ತಿಗೆ ತೆರೆದಿರುತ್ತದೆ ಎಂಬುದು ಮೊದಲು ಬರಲಿ. ಬೆಳಗ್ಗೆ ಕಿತ್ತ ಹರಿವೆ ಸಂಜೆಗೆ ಬಾಡುತ್ತದೆ, ಅವನು ಮರಳುವುದೇ ಕತ್ತಲಾದ ಮೇಲೆ. ಕೀಳುವ ಹೊತ್ತನ್ನು ಅವನ ಹೊತ್ತಿಗೆ ಹೊಂದಿಸಬೇಕು. ಪಡೆದವರ ಚಿತ್ರವಾಗಲಿ ಹೆಸರಾಗಲಿ ಎಲ್ಲಿಯೂ ಮೂಡಕೂಡದು. ಬಿಟ್ಟಿ ಬೇಡವೆನ್ನುವವನಿಗೆ ಸಣ್ಣ ಬೆಲೆಯೊಂದಿರಲಿ. 1959ರಲ್ಲಿ ಹುಟ್ಟಿದ ಬೆಂಗಳೂರಿನ ಹಾಪ್‌ಕಾಮ್ಸ್ ಮಳಿಗೆಗಳಂತೆ ದಿನದ ದರವನ್ನು ಎಲ್ಲರಿಗೂ ಕಾಣುವಂತೆ ಬರೆದರಾಯಿತು. ಪದಕಗಳ ವಿಷಯ ಆಮೇಲೆ ನೋಡೋಣ. (ಬೇಡವೆಂದರೆ ತರುಣರು ಮುನಿಸಿಕೊಂಡಾರು!)

ಗಣಕದ ಮುಂದೆ ಕೂರುವ ಮೊದಲು ಒಂದು ನೋಟುಬುಕ್ಕು ಹಿಡಿದು ನಾಕಾದಲ್ಲಿ ನಿಲ್ಲೋಣವೆಂದೆ. ಇಬ್ಬರು ಒಪ್ಪಿದ್ದಾರೆ. ಬರುವ ಭಾನುವಾರ ಬೆಳಗ್ಗೆ ಏಳಕ್ಕೆ ಕಲ್ಯಾಣ ನಿಲ್ದಾಣದಲ್ಲಿ ಸೇರುತ್ತೇವೆ. ಜೋಳದ ನಾಡಿನವರಿಗೆ ಬಸಳೆ ಒಗ್ಗುವುದೋ ಇಲ್ಲವೋ ಎಂಬುದನ್ನೂ ಅಲ್ಲಿಯೇ ಕೇಳಬೇಕಾಗಿದೆ.