ಡಬ್ಬಕ್ಕೆ ಚಕ್ರ ಹಾಕಿದ್ರೆ ಟ್ರೇಲರ್ ಆಗಲ್ಲ ಸ್ವಾಮಿ!

"ಲೋ ಮಗಾ, ಇಂಜಿನಿಯರಿಂಗ್ ಓದಿ, ಅಮೆರಿಕಾಕ್ಕೆ ಹೋಗಿ, ಕೊನೆಗೆ ತಗಡಿನ ಡಬ್ಬ ಬಡೀತಾ ಕೂತಿದೀಯಲ್ಲೋ!" ಅಂತ ಬೆಂಗಳೂರಿಂದ ಹಳೇ ಕ್ಲಾಸ್‌ಮೇಟ್ ಫೋನಿನಲ್ಲಿ ನಕ್ಕ. ಆ ನಗು ಇನ್ನೂ ಚುಚ್ತಾ ಇದೆ, ಅದಕ್ಕೇ ಇದನ್ನ ಬರೀತಿದೀನಿ.

ವಿಷಯ ಇಷ್ಟು. ಇಲ್ಲಿ ಮಿಶಿಗನ್‌ನಲ್ಲಿ ನನ್ನ ಗೆಳೆಯನೊಬ್ಬ ಹಳೇ ಪೋರ್ಷೆ 911 ಇಟ್ಟಿದಾನೆ. ಅದನ್ನ ರೇಸ್ ಟ್ರ್ಯಾಕಿಗೆ ಒಯ್ಯೋಕೆ ಮಳೆ-ಹಿಮ ತಾಗದ ಮುಚ್ಚಿದ ಟ್ರೇಲರ್ ಬೇಕಿತ್ತು. ಇಬ್ಬರೂ ಸೇರಿ ಕಟ್ಟಿದ್ವಿ. ಉಕ್ಕಿನ ಚೌಕಟ್ಟು, ಪ್ಲೈವುಡ್ ನೆಲ, ಅಲ್ಯುಮಿನಿಯಂ ತಗಡು, ಎರಡು ಆಕ್ಸಲ್, ಎಲೆಕ್ಟ್ರಿಕ್ ಬ್ರೇಕು. ಅಗಲ ಇಲ್ಲಿನ ಕಾಯ್ದೆ ಬಿಡೋ ಮಿತಿ, 102 ಇಂಚು. ಅಷ್ಟಿದ್ರೂ ಚಕ್ರದ ಗೂಡು ಒಳಗೆ ಉಬ್ಬಿರೋದ್ರಿಂದ ಕಾರಿನ ಬಾಗಿಲು ತೆಗೆಯೋಕಾಗಲ್ಲ! ಮೊದಲ ದಿನ ಗೆಳೆಯ ಕಿಟಕಿಯಿಂದ ತೂರಿ ಹೊರಗೆ ಬಂದ :-)

ನಗೋದು ಅಷ್ಟಕ್ಕೇ ಮುಗೀತು. ಮೊದಲ ಪ್ರಯಾಣ. ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ಹತ್ತಿರ ಹೋಗ್ತಿದ್ದ ಹಾಗೇ ಹಿಂದಿನ ಟ್ರೇಲರ್ ನಾಯಿ ಬಾಲದ ಥರ ಆಡೋಕೆ ಶುರು. ಎಡಕ್ಕೆ, ಬಲಕ್ಕೆ, ಪ್ರತಿ ಸಲ ಇನ್ನಷ್ಟು ಜೋರಾಗಿ. ಪಕ್ಕದ ಲೇನಿನಲ್ಲಿ ಮಕ್ಕಳಿದ್ದ ವ್ಯಾನು. ಪಿಕಪ್ಪಿನ ಬ್ರೇಕ್ ಒತ್ತಿದ್ರೆ ಹಿಂದಿಂದ ಟ್ರೇಲರೇ ತಳ್ಳಿ ನಮ್ಮನ್ನ ಮಡಚಿ ಹಾಕ್ತಿತ್ತು. ಗೆಳೆಯ ಆಕ್ಸಲರೇಟರ್ ಬಿಟ್ಟು, ಟ್ರೇಲರ್ ಬ್ರೇಕ್ ಮಾತ್ರ ಕೈಯಲ್ಲಿ ಎಳೆದ. ಉಳಿದ್ವಿ.

ತಪ್ಪು ಯಾರದ್ದು? ನಂದೇ. ಆಕ್ಸಲ್ ಎಲ್ಲಿಡಬೇಕು ಅಂತ ಕೇಳಿದಾಗ "ಮಧ್ಯದಲ್ಲಿ ಇಡು, ಚೆನ್ನಾಗಿ ಕಾಣತ್ತೆ" ಅಂದೋನು ನಾನು. ಮೊದಲ ಸೆಮಿಸ್ಟರಿನಲ್ಲಿ ಮೊಮೆಂಟಿನ ಲೆಕ್ಕ ಬಿಡಿಸಿ ಫಸ್ಟ್ ಕ್ಲಾಸ್ ತಗೊಂಡೋನು!

ಮಾರನೇ ವಾರ ಟ್ರಕ್ ಸ್ಟಾಪಿನ ವೇಬ್ರಿಡ್ಜಿಗೆ ಹೋಗಿ ತೂಗಿಸಿದ್ವಿ. ಕಾರು 1,350 ಕೆಜಿ, ಟ್ರೇಲರ್ 1,050, ಒಟ್ಟು 2,400. ಇದರಲ್ಲಿ ಶೇಕಡಾ 10ರಿಂದ 15 ಭಾರ ಕೊಂಡಿಯ ಮೇಲೆ ಕೂರಬೇಕು. ನಮ್ಮದು ಬರೀ 120 ಕೆಜಿ, ಅಂದ್ರೆ ಶೇಕಡಾ 5. ಬಾಲ ಅಲ್ಲಾಡದೆ ಇನ್ನೇನು?

911ರ ಇಂಜಿನ್ ಹಿಂದಿದೆ. ಶೇಕಡಾ 60ರಷ್ಟು ಭಾರ ಹಿಂದಿನ ಚಕ್ರಗಳ ಮೇಲೆ. ನಾವು ಮೂತಿ ಮುಂದೆ ಮಾಡಿ ಒಳಗೆ ನುಗ್ಗಿಸಿದ್ವಿ, ಭಾರವೆಲ್ಲ ಬಾಲಕ್ಕೆ. ಅದೇ ಕಾರನ್ನ ರಿವರ್ಸಿನಲ್ಲಿ ಹತ್ತಿಸಿದ್ರೆ? ಚಕ್ರಗಳು ಅದೇ ಜಾಗದಲ್ಲಿ ನಿಂತ್ರೂ ಕಾರಿನ ಭಾರದ ಕೇಂದ್ರ 45 ಸೆಂಟಿಮೀಟರ್ ಮುಂದೆ ಬರತ್ತೆ. 1,350 ಗುಣಿಸು 0.45, ಭಾಗಿಸು ಕೊಂಡಿಯಿಂದ ಆಕ್ಸಲಿಗಿರೋ 4.5 ಮೀಟರ್. ಕೊಂಡಿಗೆ 135 ಕೆಜಿ ಜಾಸ್ತಿ, ಒಟ್ಟು 255. ಪಿಯುಸಿ ಹುಡುಗನೂ ಮಾಡೋ ಲೆಕ್ಕ ಕಣ್ರೀ! ಎರಡು ನಿಮಿಷದ್ದು. ಅಷ್ಟನ್ನ ಮಾಡದೆ ಇಬ್ಬರೂ ಸಾಯ್ತಿದ್ವಿ, ಜೊತೆಗೆ ಆ ಮಕ್ಕಳೂ.

ಅಲ್ಲಾ ಸ್ವಾಮಿ, ಇದು ಇಂಜಿನಿಯರಿಂಗ್ ಅಲ್ದೆ ಮತ್ತೇನು? ನಾವು ಸಾಫ್ಟ್‌ವೇರಿನವರಿಗೆ ಒಂದು ಚಾಳಿ ಅಂಟಿಬಿಟ್ಟಿದೆ: ಮೊದಲು ರಿಲೀಸ್ ಮಾಡು, ಬಗ್ ಬಂದ್ರೆ ಆಮೇಲೆ ಪ್ಯಾಚು. ಹೆದ್ದಾರಿಯಲ್ಲಿ ಯಾವ ಪ್ಯಾಚು ಹಾಕ್ತೀರಿ? ಕಾರು ಬಿಗಿಯೋ ಪಟ್ಟಿ ಕೊಳ್ಳುವಾಗಲೂ ಇದೇ ಹಣೆಬರಹ. ಲೇಬಲ್ಲಿನಲ್ಲಿ ದಪ್ಪಗೆ ಬರೆದಿರೋದು ಪಟ್ಟಿ ಹರಿಯೋ ಭಾರ, ನಾವು ಹಾಕಬಹುದಾದದ್ದು ಅದರ ಮೂರನೇ ಒಂದು ಭಾಗ. ಮೊದಲನೆಯದನ್ನಷ್ಟೇ ಓದಿ ಅಗ್ಗದ್ದು ತಂದೋನೂ ನಾನೇ. ಅದನ್ನ ಸಿಕ್ಕಿಸೋ ಬಳೆಗಳನ್ನೂ ಬರೀ ಪ್ಲೈವುಡ್ಡಿಗೆ ತಿರುಪು ಹಾಕಿ ಕೂರಿಸಿದ್ದೆ. ಈಗ ಕಿತ್ತು ಚೌಕಟ್ಟಿಗೇ ಬೋಲ್ಟ್ ಮಾಡಿದೀವಿ.

ನಕ್ಕ ಕ್ಲಾಸ್‌ಮೇಟಿಗೆ ಈ ಲೆಕ್ಕ ಕಳಿಸಿದೆ. "ಹೌದಲ್ವೋ, ಇದು ಪರೀಕ್ಷೇಲಿ ಬಂದಿತ್ತು" ಅಂದ. ಗೆಳೆಯ ಮಾತ್ರ ಏನೂ ಅನ್ನಲಿಲ್ಲ. ಟ್ರೇಲರಿನ ನೆಲದ ಮೇಲೆ ಕಾರು ನಿಲ್ಲೋ ಜಾಗಕ್ಕೆ ಹಳದಿ ಗೆರೆ ಎಳೆದು, ಪಕ್ಕದಲ್ಲಿ ನನ್ನ ಹೆಸರು ಬರೆದು, "ಇವನನ್ನ ಕೇಳಬೇಡಿ" ಅಂತ ಸೇರಿಸಿದಾನೆ :-(