ಕುಮ್ಕಿಗಿಂತ ಮೊದಲು ಡಿಸಿ ಮನ್ನಾ

ಬೆಳ್ತಂಗಡಿಯ ನಮ್ಮ ತೋಟಕ್ಕೂ ಕುಮ್ಕಿ ಇದೆ. ಹಾಗಾಗಿ ಇದು ನನ್ನ ವಿರುದ್ಧವೇ ಆಡುವ ಮಾತು. ಕುಮ್ಕಿ ಎಂದರೆ ಹಳೆಯ ವರ್ಗ ಜಾಗದ ಸುತ್ತ 100 ಗಜದೊಳಗಿನ ಸರ್ಕಾರಿ ಭೂಮಿ. 1964ರ ಭೂಕಂದಾಯ ಕಾಯ್ದೆ ನಮಗೆ ಅಲ್ಲಿ ಉಳಿಸಿದ್ದು ಸೊಪ್ಪು, ಸೌದೆ, ಮೇವಿನಂಥ ಸವಲತ್ತು, ಒಡೆತನವನ್ನಲ್ಲ. ನಾವು ಗುಡ್ಡ ಕಡಿದು ರಬ್ಬರ್ ನೆಟ್ಟೆವು, ಬೇಲಿ ಹಾಕಿದೆವು. ಜಾಗವಿಲ್ಲದವರ ದನ ಬೇಲಿಯ ಹೊರಗೆ ಉಳಿಯಿತು. ಈಗ ಅದನ್ನೇ ಗುತ್ತಿಗೆಗೆ ಕೊಡಿ, ಸಕ್ರಮ ಮಾಡಿ ಎನ್ನುತ್ತೇವೆ.

ಇದೇ ಜಿಲ್ಲೆಯಲ್ಲಿ ಬ್ರಿಟಿಷರ ಕಾಲದಲ್ಲಿ ದಲಿತರಿಗೆಂದು ಕಾದಿರಿಸಿದ ಡಿಸಿ ಮನ್ನಾ ಭೂಮಿಯೂ ಇದೆ. ಅದರಲ್ಲೂ ಎಷ್ಟೋ ಕಡೆ ಅನ್ಯರ ತೋಟ ಎದ್ದಿದೆ. ಅದನ್ನು ಬಿಡಿಸಿ ಹಂಚಿ ಎಂದು ದಲಿತರು ಧರಣಿ ಕೂತೇ ಇದ್ದಾರೆ. ನಮ್ಮದು ಸವಲತ್ತು, ಅವರದು ಹಕ್ಕು. ಬಂಟ್ವಾಳವಿರಲಿ, ಮೂಡುಬಿದಿರೆಯಿರಲಿ, ಸರ್ವೆಯವರು ಮೊದಲು ಅಲ್ಲಿಗೆ ಹೋಗಲಿ. ನನ್ನ ಅರ್ಜಿ ಕಾಯಲಿ.